ಕೇಳದೆ ವಿವರಿಸುವವರು

ಕಾಲೇಜು ಮೆಟ್ಟಿಲೇರಿದ ನಮ್ಮ ಹೆಣ್ಣುಮಕ್ಕಳ ಮಾತಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಇಂಗ್ಲಿಷ್ ಪದ ಸೇರಿಕೊಂಡಿದೆ. ಅಣ್ಣನೋ ಮಾವನೋ ಊಟದ ಹೊತ್ತಿನಲ್ಲಿ ಅವಳು ಓದುತ್ತಿರುವ ವಿಷಯವನ್ನೇ ಅವಳಿಗೆ ಬಿಡಿಸಿ ಹೇಳತೊಡಗಿದರೆ ಆಕೆ ನಗುತ್ತಾ 'ಮ್ಯಾನ್‌ಸ್ಪ್ಲೇನಿಂಗ್' ಎನ್ನುತ್ತಾಳೆ. ಹಿರಿಯರಲ್ಲಿ ಹಲವರಿಗೆ ಅದು ಅರ್ಥವಾಗುವುದಿಲ್ಲ. ಅರ್ಥವಾದವರಿಗೆ ಸಿಟ್ಟು ಬರುತ್ತದೆ. ಪಾಶ್ಚಾತ್ಯ ಸ್ತ್ರೀವಾದದ ಇನ್ನೊಂದು ಆಮದು ಸರಕು ಎಂದು ಆ ಪದವನ್ನು ತಳ್ಳಿಹಾಕುವುದು ಸುಲಭ. ಆದರೆ ತಳ್ಳಿಹಾಕುವ ಮುನ್ನ ಅದು ಹುಟ್ಟಿದ್ದು ಹೇಗೆ ಮತ್ತು ಯಾವ ರೋಗಕ್ಕೆ ಇಟ್ಟ ಹೆಸರದು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಯಾಕೆಂದರೆ ಆ ರೋಗದಿಂದ ಅತ್ಯಂತ ಹೆಚ್ಚು ನೋವುಂಡ ಸಮುದಾಯಗಳಲ್ಲಿ ನಮ್ಮದೂ ಒಂದು. ಅದನ್ನು ನಮ್ಮ ಮನೆಯೊಳಗೆ ಸಾಕಿಕೊಂಡವರೂ ನಾವೇ.

ಅಮೆರಿಕದ ಲೇಖಕಿ ರೆಬೆಕಾ ಸಾಲ್ನಿಟ್ 2003ರಲ್ಲಿ ಕೊಲರಾಡೊ ರಾಜ್ಯದ ಆಸ್ಪೆನ್ ಎಂಬಲ್ಲಿ ಗೆಳತಿಯೊಬ್ಬರ ಜೊತೆ ಒಂದು ಔತಣಕೂಟಕ್ಕೆ ಹೋಗಿದ್ದರು. ಅತಿಥೇಯನು ದೊಡ್ಡ ಶ್ರೀಮಂತ. ಈಕೆ ಪುಸ್ತಕ ಬರೆಯುವವರೆಂದು ಕೇಳಿ, ಏಳು ವರ್ಷದ ಮಗುವಿನ ಬಾಯಲ್ಲಿ ಪಾಠ ಒಪ್ಪಿಸಿಕೊಳ್ಳುವ ಧಾಟಿಯಲ್ಲಿ, ಏನು ಬರೆದಿದ್ದೀರಿ ಎಂದು ವಿಚಾರಿಸಿದ. ಓಡುವ ಕುದುರೆಯ ಚಿತ್ರಗಳನ್ನು ಸೆರೆಹಿಡಿದು ಪ್ರಸಿದ್ಧನಾದ 19ನೇ ಶತಮಾನದ ಛಾಯಾಗ್ರಾಹಕ ಮೈಬ್ರಿಜ್ ಕುರಿತು ಆಕೆಯ ಗ್ರಂಥವೊಂದು ಅದೇ ವರ್ಷ ಹೊರಬಂದಿತ್ತು. ಆಕೆ ಆ ಹೆಸರೆತ್ತುತ್ತಿದ್ದಂತೆಯೇ ಆತ ಮಾತು ತುಂಡರಿಸಿ, ಮೈಬ್ರಿಜ್ ಬಗ್ಗೆ ಈ ವರ್ಷ ಬಹಳ ಮಹತ್ವದ ಪುಸ್ತಕವೊಂದು ಬಂದಿದೆ, ಗೊತ್ತೇ ಎಂದು ಕೇಳಿ ಅದರ ಕುರಿತು ಉಪನ್ಯಾಸವನ್ನೇ ಆರಂಭಿಸಿದ. ಅದನ್ನು ಬರೆದವಳು ಇವಳೇ ಎಂದು ಗೆಳತಿ ನಡುವೆ ಬಾಯಿ ಹಾಕಿದರು. ಆತನಿಗೆ ಕೇಳಿಸಲಿಲ್ಲ. ಮೂರು ನಾಲ್ಕು ಬಾರಿ ಹೇಳಿದ ಮೇಲೆ ಕೇಳಿಸಿತು, ಮುಖ ಬಿಳುಪೇರಿತು. ಆತ ಆ ಪುಸ್ತಕವನ್ನು ಓದಿಯೂ ಇರಲಿಲ್ಲ, ಪತ್ರಿಕೆಯಲ್ಲಿ ಬಂದ ವಿಮರ್ಶೆಯನ್ನಷ್ಟೇ ನೋಡಿದ್ದ.

ಈ ಪ್ರಸಂಗದಲ್ಲಿ ನಗುವಂಥದ್ದು ಬೇಕಾದಷ್ಟಿದೆ. ಆದರೆ ಸಾಲ್ನಿಟ್ ಅವರು ಮಾಡಿಕೊಂಡಿರುವ ಇನ್ನೊಂದು ನಿವೇದನೆಯನ್ನು ಓದಿದಾಗ ನಗು ನಿಲ್ಲುತ್ತದೆ. ಆತನ ಆತ್ಮವಿಶ್ವಾಸವನ್ನು ಕಂಡು, ತನ್ನದೇ ವಿಷಯದ ಮೇಲೆ ಅದೇ ವರ್ಷ ಬೇರೊಂದು ಪುಸ್ತಕ ಬಂದಿರಬಹುದು, ತನಗೇ ತಿಳಿಯದೆ ಹೋಗಿರಬಹುದು ಎಂದು ಒಂದು ಗಳಿಗೆ ಅವರಿಗೂ ಅನ್ನಿಸಿತಂತೆ. ವರ್ಷಗಟ್ಟಲೆ ಅಧ್ಯಯನ ಮಾಡಿ, ಹಲವು ಗ್ರಂಥಗಳನ್ನು ಬರೆದ ಮಹಿಳೆಗೇ ಈ ಅನುಮಾನ ಬರುವುದಾದರೆ, ಹತ್ತನೇ ತರಗತಿಗೆ ಶಾಲೆ ಬಿಡಿಸಲ್ಪಟ್ಟ, ಹದಿನೆಂಟಕ್ಕೆ ಮದುವೆಯಾದ ಹೆಣ್ಣಿನ ಮನಸ್ಸಿನಲ್ಲಿ ಇಂತಹ ಮಾತುಗಳು ಏನನ್ನು ಮಾಡಿರಬಹುದು ಎಂದು ಊಹಿಸಿಕೊಳ್ಳಬೇಕು.

2008ರ ಏಪ್ರಿಲ್‌ನಲ್ಲಿ ಅವರು ಇದನ್ನು ಪ್ರಬಂಧವಾಗಿ ಪ್ರಕಟಿಸಿದರು. 'ಮ್ಯಾನ್‌ಸ್ಪ್ಲೇನಿಂಗ್' ಎಂಬ ಪದ ಅದರಲ್ಲಿ ಇಲ್ಲ. ಕೆಲವೇ ವಾರಗಳಲ್ಲಿ ಅನಾಮಿಕ ಓದುಗರ ನಡುವೆ, 'ಮ್ಯಾನ್' ಅಂದರೆ ಗಂಡಸು, 'ಎಕ್ಸ್‌ಪ್ಲೇನ್' ಅಂದರೆ ವಿವರಿಸು ಎಂಬ ಎರಡು ಪದಗಳನ್ನು ಬೆಸೆದು ಅದು ಹುಟ್ಟಿಕೊಂಡಿತು. 2014ರಲ್ಲಿ ಆಸ್ಟ್ರೇಲಿಯಾದ ಮೆಕ್ವಾರಿ ನಿಘಂಟು ಅದನ್ನು ವರ್ಷದ ಪದವೆಂದು ಆರಿಸಿತು; 2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಜಾಗ ಪಡೆಯಿತು. ಆಶ್ಚರ್ಯವೆಂದರೆ, ಈ ಪದದ ಬಗ್ಗೆ ಸಾಲ್ನಿಟ್ ಅವರಿಗೇ ಅಷ್ಟೊಂದು ಒಲವಿಲ್ಲ. ಗಂಡಸರೆಲ್ಲರೂ ಹುಟ್ಟಿನಿಂದಲೇ ಹೀಗೆ ಎಂಬ ಧ್ವನಿ ಅದರಲ್ಲಿದೆ ಎಂಬ ಅಳುಕನ್ನು ಅವರು ವ್ಯಕ್ತಪಡಿಸಿದ್ದಾರೆ. ಅವರ ಅಳುಕು ನ್ಯಾಯವಾದುದು. ತಿಳಿದವನು ತಿಳಿಯದವರಿಗೆ ಹೇಳಿಕೊಡುವುದು ಪುಣ್ಯದ ಕೆಲಸ. ಬಾಯಿ ತೆರೆದ ಪ್ರತಿಯೊಬ್ಬ ಗಂಡಸಿಗೂ ಈ ಪದವನ್ನು ಎಸೆದು ಸುಮ್ಮನಾಗಿಸುವುದೂ ಒಂದು ಬಗೆಯ ದರ್ಪವೇ. ಅದಲ್ಲದೆ, ಹೊಸದಾಗಿ ಬಂದ ಸೊಸೆಗೆ ಅನ್ನ ಬಸಿಯುವುದು ಹೇಗೆಂದು ಪ್ರತಿದಿನ ಬೋಧಿಸುವ ಅತ್ತೆಯೂ ನಮ್ಮಲ್ಲಿದ್ದಾರೆ.

ಈ ನಡವಳಿಕೆಗೆ ಇಂಗ್ಲಿಷಿನಲ್ಲಿ ಮೊದಲೇ ಇದ್ದ ಪದ 'ಪೇಟ್ರನೈಸ್'. ಅದರ ಬೇರು ಲ್ಯಾಟಿನ್ ಭಾಷೆಯ 'ಪಾತೆರ್', ಅಂದರೆ ತಂದೆ. ಎದುರಿಗಿರುವ ವಯಸ್ಕ ವ್ಯಕ್ತಿಯನ್ನು ಮಗುವೆಂದು ಬಗೆದು ತಾನೇ ತಂದೆಯಾಗುವುದು ಅದರ ಒಳಾರ್ಥ. ಕನ್ನಡದಲ್ಲಿ ನಾವು 'ಯಜಮಾನಿಕೆ' ಎನ್ನುತ್ತೇವೆ. ಯಜಮಾನ ಎಂದರೆ ಮೂಲದಲ್ಲಿ ಯಜ್ಞ ಮಾಡಿಸುವವನು, ಅದರ ಖರ್ಚು ಹೊರುವವನು. ಕಾಲಾಂತರದಲ್ಲಿ ಆತ ಮನೆಯ ಒಡೆಯನಾದ, ಗಂಡನೂ ಆದ. ಖರ್ಚು ಹೊತ್ತವನದೇ ಮಾತು ಎಂಬ ಲೆಕ್ಕಾಚಾರ ಭಾಷೆಯೊಳಗೇ ಅವಿತಿದೆ. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂಬ ಗಾದೆಯನ್ನು ಕಟ್ಟಿದ ಭಾಷೆಯೂ ಇದೇ. ಅದನ್ನು ಜಾತಿಧರ್ಮಗಳ ಭೇದವಿಲ್ಲದೆ ಎಲ್ಲರೂ ಬಳಸಿದ್ದೇವೆ.

ಇದು ಊಟದ ಮೇಜಿನ ಕಿರಿಕಿರಿಯಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಕೇಳಿಸಿಕೊಳ್ಳದವರ ಕೈಯಲ್ಲಿ ಅಧಿಕಾರವಿದ್ದಾಗ ಏನಾಗುತ್ತದೆ ಎಂಬುದಕ್ಕೆ ಸಾಲ್ನಿಟ್ ತಮ್ಮ ಪ್ರಬಂಧದಲ್ಲಿಯೇ ಒಂದು ಉದಾಹರಣೆ ನೀಡಿದ್ದಾರೆ. ಕೊಲೀನ್ ರೌಲಿ ಎಂಬಾಕೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಮಿನಿಯಾಪೊಲಿಸ್ ಕಚೇರಿಯಲ್ಲಿದ್ದ ಅಧಿಕಾರಿ. 2001ರ ಆಗಸ್ಟ್‌ನಲ್ಲಿ ಅಲ್ಲಿ ವಿಮಾನ ತರಬೇತಿ ಪಡೆಯುತ್ತಿದ್ದ ಶಂಕಿತನೊಬ್ಬನನ್ನು ಬಂಧಿಸಲಾಗಿತ್ತು. ಅವನ ಕಂಪ್ಯೂಟರನ್ನು ಶೋಧಿಸಲು ಅನುಮತಿ ಬೇಕೆಂದು ಆ ಕಚೇರಿಯವರು ಮತ್ತೆ ಮತ್ತೆ ಕೇಳಿದರೂ ಕೇಂದ್ರ ಕಚೇರಿ ಕಿವಿಗೊಡಲಿಲ್ಲ. ಮುಂದಿನ ತಿಂಗಳ 11ರಂದು ನಡೆದುದನ್ನು ಜಗತ್ತು ಬಲ್ಲದು. 2002ರ ಮೇ ತಿಂಗಳಲ್ಲಿ ರೌಲಿ ಇದನ್ನೆಲ್ಲ ಬರೆದು ಸಂಸ್ಥೆಯ ನಿರ್ದೇಶಕರಿಗೆ ಕಳುಹಿಸಿದರು. ಆದರೆ ಅದೇ ಸರಕಾರ, ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳಿವೆ ಎಂದು ಜಗತ್ತಿಗೆಲ್ಲ ವಿವರಿಸುತ್ತಾ ಹೋಯಿತು. ಇಲ್ಲವೆಂದವರ ಮಾತು ಅದಕ್ಕೆ ಬೇಕಿರಲಿಲ್ಲ. 2003ರ ಮಾರ್ಚ್‌ನಲ್ಲಿ ಯುದ್ಧ ಆರಂಭವಾಯಿತು. ಅಸ್ತ್ರಗಳು ಸಿಗಲಿಲ್ಲ. ಆಸ್ಪೆನ್‌ನ ಔತಣಕೂಟವೂ ಬಗ್ದಾದಿನ ಬಾಂಬ್ ದಾಳಿಯೂ ಒಂದೇ ವರ್ಷದ ಘಟನೆಗಳು.

ಮುಸ್ಲಿಮ್ ಮಹಿಳೆಯ ಹೆಸರಿನಲ್ಲಿ ಮುಸ್ಲಿಮ್ ಮಹಿಳೆಗೇ ಪಾಠ ಹೇಳುವ ಪರಂಪರೆ ಇದಕ್ಕಿಂತಲೂ ಹಳೆಯದು. 1883ರಿಂದ 1907ರ ತನಕ ಈಜಿಪ್ಟನ್ನು ಬ್ರಿಟಿಷರ ಪರವಾಗಿ ಆಳಿದ ಲಾರ್ಡ್ ಕ್ರೋಮರ್, ಪರ್ದಾ ಪದ್ಧತಿಯೇ ಮುಸ್ಲಿಮರ ಹಿಂದುಳಿಯುವಿಕೆಗೆ ಕಾರಣವೆಂದು ಉಪದೇಶಿಸಿದವನು. ಈಜಿಪ್ಟಿನ ಮಹಿಳೆಯ ಕುರಿತು ಇಷ್ಟೊಂದು ಮರುಗಿದ ಈ ಮಹಾಶಯ ಶಾಲೆಗಳ ಶುಲ್ಕ ಏರಿಸಿ ಅಲ್ಲಿನ ಶಿಕ್ಷಣದ ವಿಸ್ತರಣೆಗೆ ತಡೆಯಾದ. ತನ್ನ ದೇಶಕ್ಕೆ ಮರಳಿದ ಮೇಲೆ, ಇಂಗ್ಲೆಂಡಿನ ಮಹಿಳೆಯರಿಗೆ ಮತದಾನದ ಹಕ್ಕು ಕೊಡಬಾರದೆಂಬ ಚಳವಳಿಯ ಮುಂದಾಳಾದ. ವಿದ್ವಾಂಸೆ ಲೈಲಾ ಅಹ್ಮದ್ 1992ರ ತಮ್ಮ ಗ್ರಂಥದಲ್ಲಿ ಈ ಎರಡು ಮುಖಗಳನ್ನು ಜೊತೆಯಾಗಿಟ್ಟು ತೋರಿಸಿದ್ದಾರೆ. 2001ರ ನವೆಂಬರ್ 17ರಂದು ಅಮೆರಿಕದ ಅಧ್ಯಕ್ಷರ ಪತ್ನಿ ಲಾರಾ ಬುಷ್ ರೇಡಿಯೋದಲ್ಲಿ ಅಫ್ಘಾನ್ ಮಹಿಳೆಯರ ಬಿಡುಗಡೆಯ ಕುರಿತು ಮಾತನಾಡಿದಾಗ ಅಫ್ಘಾನ್ ಹಳ್ಳಿಗಳ ಮೇಲೆ ಬಾಂಬುಗಳು ಬೀಳುತ್ತಿದ್ದವು. ಇಪ್ಪತ್ತು ವರ್ಷಗಳ ಬಳಿಕ, 2021ರ ಆಗಸ್ಟ್‌ನಲ್ಲಿ, ಅದೇ ಮಹಿಳೆಯರನ್ನು ತಾಲಿಬಾನಿನ ಕೈಗೊಪ್ಪಿಸಿ ಅಮೆರಿಕ ಹೊರಟುಹೋಯಿತು. ತಾಲಿಬಾನ್ ಅವರಿಗೆ ಶಾಲೆಯ ಬಾಗಿಲನ್ನು ಮುಚ್ಚಿ, ಇದು ನಿಮ್ಮ ಒಳಿತಿಗಾಗಿಯೇ ಎಂದು ವಿವರಿಸಿತು. ಕೇಳದೆ ವಿವರಿಸುವುದರಲ್ಲಿ ಇಬ್ಬರಿಗೂ ವ್ಯತ್ಯಾಸ ಕಾಣುವುದಿಲ್ಲ.

ನಮ್ಮ ದೇಶದ ಮುಸ್ಲಿಮರಿಗೆ ಈ ಧಾಟಿ ಚಿರಪರಿಚಿತ. ಮುಖ್ಯವಾಹಿನಿಗೆ ಬನ್ನಿ ಎಂಬ ಉಪದೇಶವನ್ನು ಕೇಳದ ಮುಸ್ಲಿಮ್ ಯಾರಿದ್ದಾರೆ? ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವನಿಗೂ, ಸೇನೆಯಿಂದ ನಿವೃತ್ತನಾದವನಿಗೂ ಅದೇ ಉಪದೇಶ. ಮದ್ರಸಗಳೇ ಮುಸ್ಲಿಮರನ್ನು ಹಿಂದಕ್ಕೆಳೆದಿವೆ ಎಂದು ದಶಕಗಳ ಕಾಲ ನಮಗೆ ಬೋಧಿಸಲಾಯಿತು. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಿಗೆ ಹೋಗುವವರು ಶೇ. 3ರಿಂದ 4ರಷ್ಟು ಮಾತ್ರ ಎಂದು 2006ರಲ್ಲಿ ಸಾಚಾರ್ ಸಮಿತಿ ಅಂಕಿಅಂಶ ಮುಂದಿಟ್ಟ ಮೇಲೂ ಬೋಧನೆ ನಿಂತಿಲ್ಲ. 2022ರ ಆರಂಭದಲ್ಲಿ ಉಡುಪಿಯ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತಿದ್ದಾಗ, ಅವರು ತಲೆವಸ್ತ್ರ ಧರಿಸುವುದು ಯಾರ ಒತ್ತಾಯದಿಂದ ಎಂಬುದನ್ನು ಟಿವಿಯಲ್ಲಿ ಕುಳಿತವರೆಲ್ಲ ವಿವರಿಸಿದರು. ಮಾರ್ಚ್ 15ರ ತೀರ್ಪಿನಲ್ಲಿ ಹೈಕೋರ್ಟ್ ಅದು ಧರ್ಮದ ಅತ್ಯಗತ್ಯ ಆಚರಣೆಯಲ್ಲ ಎಂದಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಹೆಣ್ಣುಮಗಳ ಶಿಕ್ಷಣವೇ ಮುಖ್ಯ ಪ್ರಶ್ನೆಯೆಂದು ನ್ಯಾಯಮೂರ್ತಿ ಸುಧಾಂಶು ಧುಲಿಯಾ ಗುರುತಿಸಿದರು. ಆದರೆ ಅಷ್ಟರಲ್ಲಿ ಒಂದು ಶೈಕ್ಷಣಿಕ ವರ್ಷವೇ ಕಳೆದುಹೋಗಿತ್ತು.

ಇಷ್ಟರ ತನಕ ನಮ್ಮ ಓದುಗರು ತಲೆದೂಗಿರುತ್ತಾರೆ. ಮುಂದಿನ ಮಾತು ಕಹಿಯಾದುದು.

ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್ ಅವರ ಎಲ್ಲ ನಿಲುವುಗಳನ್ನು ನಾವು ಒಪ್ಪಬೇಕೆಂದಿಲ್ಲ. ಆದರೆ ಅವರಿಗೆ ಆದುದನ್ನು ಗಮನಿಸಬೇಕು. ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದು ಹೇಳಿದ್ದಕ್ಕಾಗಿ 2000ದಲ್ಲಿ ಅವರು ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. ಬೆದರಿಕೆಯ ಕರೆಗಳೂ ಬಂದವು. ಇಸ್ಲಾಮ್ ಏನು ಹೇಳುತ್ತದೆಂದು ಅವರಿಗೆ ನಮ್ಮವರೇ ವಿವರಿಸಿದರು. ಇಪ್ಪತ್ತು ವರ್ಷಗಳ ನಂತರ, 2020ರ ಜನವರಿಯಲ್ಲಿ, ಮಹಿಳೆಯರು ನಮಾಝ್‌ಗಾಗಿ ಮಸೀದಿ ಪ್ರವೇಶಿಸಲು ಇಸ್ಲಾಮಿನಲ್ಲಿ ಅನುಮತಿಯಿದೆ ಎಂದು ಅಖಿಲ ಭಾರತ ಮುಸ್ಲಿಮ್ ಪರ್ಸನಲ್ ಲಾ ಬೋರ್ಡ್ ಸುಪ್ರೀಮ್ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿತು. ಬಹಿಷ್ಕರಿಸಿದವರಲ್ಲಿ ಯಾರಾದರೂ ಆ ದಿನ ಹಾಸನಕ್ಕೆ ಒಂದು ಫೋನ್ ಮಾಡಿದರೇ? 2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಕೃತಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಅಭಿನಂದನೆ ಸಲ್ಲಿಸಲು ಮಾತ್ರ ನಾವು ಹಿಂದೆ ಬೀಳಲಿಲ್ಲ. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಸರಕಾರ ಅವರನ್ನು ಆಹ್ವಾನಿಸಿದಾಗ ವಿವರಿಸುವ ಸರದಿ ಇನ್ನೊಂದು ಕಡೆಯವರದಾಯಿತು. ನಾಡಹಬ್ಬವನ್ನು ಯಾರು ಉದ್ಘಾಟಿಸಬಹುದು, ಕನ್ನಡದ ಬಗ್ಗೆ ಯಾರು ಹೇಗೆ ಮಾತನಾಡಬೇಕು ಎಂದು ಕನ್ನಡಕ್ಕೆ ಬೂಕರ್ ತಂದ ಲೇಖಕಿಗೆ ಪಾಠ ಹೇಳಲಾಯಿತು. ಹೈಕೋರ್ಟ್ ಮತ್ತು ಸುಪ್ರೀಮ್ ಕೋರ್ಟ್ ಎರಡೂ ಆಕ್ಷೇಪದ ಅರ್ಜಿಗಳನ್ನು ತಳ್ಳಿಹಾಕಿದವು. ಸೆಪ್ಟೆಂಬರ್ 22ರಂದು ಅವರು ದಸರಾ ಉದ್ಘಾಟಿಸಿದರು. ಒಬ್ಬಳೇ ಮಹಿಳೆಗೆ, ಇಪ್ಪತ್ತೈದು ವರ್ಷಗಳ ಅಂತರದಲ್ಲಿ, ಎರಡು ದಿಕ್ಕಿನಿಂದ ಒಂದೇ ಧಾಟಿಯ ಪಾಠ. ಎರಡನೆಯದನ್ನು ಕೋಮುವಾದವೆಂದು ಖಂಡಿಸಿದ ನಾವು ಮೊದಲನೆಯದಕ್ಕೆ ಯಾವ ಹೆಸರು ಕೊಡುತ್ತೇವೆ?

ತ್ರಿವಳಿ ತಲಾಕ್ ಪ್ರಕರಣದಲ್ಲೂ ಇದೇ ಆಯಿತು. ಗಂಡಸರಿಗೆ ಭಾವನೆಗಳ ಮೇಲೆ ಹೆಚ್ಚು ಹತೋಟಿಯಿದೆ, ಆದ್ದರಿಂದ ತಲಾಕಿನ ಅಧಿಕಾರ ಅವರ ಕೈಯಲ್ಲಿದೆ ಎಂಬ ವಾದವನ್ನು 2016ರಲ್ಲಿ ಬೋರ್ಡ್ ನ್ಯಾಯಾಲಯದ ಮುಂದಿಟ್ಟಿತು. ಒಂದೇ ಉಸಿರಿನಲ್ಲಿ ಮೂರು ಬಾರಿ ತಲಾಕ್ ಹೇಳಿ ಸಂಸಾರ ಮುರಿದವನ ಹತೋಟಿಯ ಬಗ್ಗೆ ನಡೆಯುತ್ತಿದ್ದ ಪ್ರಕರಣದಲ್ಲಿ ಈ ವಾದ! ಇತ್ತ, 2017ರ ಆಗಸ್ಟ್ 22ರಂದು ತೀರ್ಪಿತ್ತ ಪೀಠದಲ್ಲಿ ಐದು ಧರ್ಮಗಳಿಗೆ ಸೇರಿದ ಐವರು ನ್ಯಾಯಮೂರ್ತಿಗಳಿದ್ದರು. ಮಹಿಳೆ ಒಬ್ಬರೂ ಇರಲಿಲ್ಲ. 2019ರಲ್ಲಿ ಗಂಡನನ್ನು ಮೂರು ವರ್ಷ ಜೈಲಿಗೆ ಕಳುಹಿಸಬಲ್ಲ ಕಾನೂನು ಬಂತು. ಜೈಲಿಗೆ ಹೋದವನು ಜೀವನಾಂಶ ಎಲ್ಲಿಂದ ಕೊಡುತ್ತಾನೆಂದು ಆಕೆ ಕೇಳಿದರೆ ಉತ್ತರವಿರಲಿಲ್ಲ. ಅವಳನ್ನು ಯಾರೂ ಕೇಳಿಯೂ ಇರಲಿಲ್ಲ.

ನಮ್ಮ ದೀನ್ ಆರಂಭಗೊಂಡದ್ದು ಹೀಗಲ್ಲ. ಖೌಲಾ ಬಿಂತ್ ಸಅಲಬಾ(ರ) ಎಂಬ ಮಹಿಳೆಗೆ ಪತಿಯು, ನೀನು ನನಗೆ ತಾಯಿಯ ಬೆನ್ನಿನಂತೆ ಎಂಬ ಅಜ್ಞಾನಕಾಲದ ಮಾತು ಹೇಳಿ ದೂರವಿಟ್ಟಾಗ ಆಕೆ ನೇರವಾಗಿ ಪ್ರವಾದಿ(ಸ)ರವರ ಬಳಿಗೆ ಬಂದು ವಾದಿಸಿದರು. ಅಣ್ಣನ ಮೂಲಕವಲ್ಲ, ತಂದೆಯ ಮೂಲಕವಲ್ಲ. ಬಿಟ್ಟುಕೊಡದೆ ಮತ್ತೆ ಮತ್ತೆ ತನ್ನ ಅಹವಾಲು ಹೇಳಿಕೊಂಡರು. ಅಲ್ಲಾಹನು ಅವರ ಮಾತನ್ನು ಕೇಳಿರುವನು ಎಂಬ ಘೋಷಣೆಯೊಂದಿಗೇ ಪವಿತ್ರ ಕುರ್‌ಆನಿನ 58ನೇ ಅಧ್ಯಾಯ ಆರಂಭವಾಗುತ್ತದೆ. ಆ ಅಧ್ಯಾಯಕ್ಕೆ 'ಅಲ್ ಮುಜಾದಲ' ಎಂಬ ಹೆಸರು ಬಂದುದೇ ಈ ವಾದದಿಂದ. ಮುಂದೆ ಖಲೀಫರಾದ ಹ. ಉಮರ್(ರ)ರನ್ನು ವೃದ್ಧೆಯಾಗಿದ್ದ ಖೌಲಾ(ರ) ದಾರಿಯಲ್ಲಿ ತಡೆದು ಬಹಳ ಹೊತ್ತು ಬುದ್ಧಿ ಹೇಳಿದರೆಂದೂ, ಜೊತೆಗಿದ್ದವರು ಅಸಹನೆ ತೋರಿದಾಗ, ಅಲ್ಲಾಹನೇ ಕೇಳಿಸಿಕೊಂಡ ಮಹಿಳೆಯ ಮಾತನ್ನು ಉಮರ್ ಕೇಳದಿರುವುದು ಹೇಗೆಂದು ಅವರು ಉತ್ತರಿಸಿದರೆಂದೂ ಪ್ರಸಿದ್ಧ ವರದಿಯಿದೆ. ಖಲೀಫರಿಗೆ ಅಂದು ಕಚೇರಿಯ ಕೆಲಸಗಳಿರಲಿಲ್ಲವೆಂದಲ್ಲ.

ಹುದೈಬಿಯಾದ ಪ್ರಸಂಗವನ್ನು ನಮ್ಮ ಖತೀಬರು ಆಗಾಗ ಹೇಳುತ್ತಾರೆ. ಆದರೆ ಉಮ್ಮು ಸಲಮಾ(ರ)ರ ಪಾತ್ರ ಅದರಲ್ಲಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಹಿಜರಿ 6, ಅಂದರೆ ಕ್ರಿ.ಶ. 628. ಒಪ್ಪಂದದ ಷರತ್ತುಗಳಿಂದ ನೊಂದಿದ್ದ ಸಹಾಬಿಗಳು, ಬಲಿ ಅರ್ಪಿಸಿ ತಲೆ ಬೋಳಿಸಿರಿ ಎಂದು ಪ್ರವಾದಿ(ಸ) ಮೂರು ಬಾರಿ ಹೇಳಿದರೂ ಏಳಲಿಲ್ಲ. ಪ್ರವಾದಿ(ಸ) ಡೇರೆಯೊಳಗೆ ಹೋಗಿ ಪತ್ನಿಯಲ್ಲಿ ವಿಷಯ ಹೇಳಿಕೊಂಡರು. ಯಾರೊಡನೆಯೂ ಒಂದು ಮಾತನ್ನೂ ಆಡಬೇಡಿ, ಹೊರಗೆ ಹೋಗಿ ನಿಮ್ಮ ಒಂಟೆಯ ಬಲಿ ಅರ್ಪಿಸಿ, ಕ್ಷೌರಿಕನನ್ನು ಕರೆದು ತಲೆ ಬೋಳಿಸಿಕೊಳ್ಳಿ ಎಂಬುದು ಆಕೆಯ ಸಲಹೆಯಾಗಿತ್ತು. ಪ್ರವಾದಿ(ಸ) ಹಾಗೆಯೇ ಮಾಡಿದರು. ಸಹಾಬಿಗಳೂ ಎದ್ದರು. ಸಾವಿರಕ್ಕೂ ಮಿಕ್ಕಿದ ಗಂಡಸರ ಬಿಕ್ಕಟ್ಟನ್ನು ಬಿಡಿಸಿದ್ದು, ಇನ್ನಷ್ಟು ವಿವರಿಸಬೇಡಿ ಎಂದ ಓರ್ವ ಮಹಿಳೆಯ ಸಲಹೆ.

ಹ. ಆಯಿಶಾ(ರ)ರಂತೂ ಸಹಾಬಿಗಳನ್ನೇ ತಿದ್ದಿದರು. ನಾಯಿ, ಕತ್ತೆ, ಹೆಂಗಸು ಎದುರು ಹಾದರೆ ನಮಾಝ್ ಕೆಡುತ್ತದೆಂದು ಕೆಲವರು ಹೇಳಿದಾಗ, ನಮ್ಮನ್ನು ನಾಯಿ ಕತ್ತೆಗಳ ಸಾಲಿಗೆ ಸೇರಿಸಿದಿರಾ ಎಂದು ಅವರು ಆಕ್ಷೇಪಿಸಿ, ಪ್ರವಾದಿ(ಸ) ನಮಾಝ್ ಮಾಡುವಾಗ ತಾವು ಎದುರಿಗೇ ಮಲಗಿರುತ್ತಿದ್ದುದನ್ನು ಸಾಕ್ಷಿಯಾಗಿ ಹೇಳಿದ್ದು ಬುಖಾರಿಯಲ್ಲಿದೆ. ಅವರು ಮಾಡಿದ ಇಂತಹ ತಿದ್ದುಪಡಿಗಳನ್ನೇ ಸಂಗ್ರಹಿಸಿ ಇಮಾಮ್ ಝರ್ಕಶಿ ಒಂದು ಗ್ರಂಥ ರಚಿಸಿದ್ದಾರೆ. ಉತ್ತರ ಪ್ರದೇಶದ ಜೌನ್‌ಪುರ ಮೂಲದ ವಿದ್ವಾಂಸ ಮುಹಮ್ಮದ್ ಅಕ್ರಮ್ ನದ್ವಿಯವರು ಹದೀಸ್ ಬೋಧಿಸಿದ ಮಹಿಳೆಯರ ಚರಿತ್ರೆಯನ್ನು ಹುಡುಕಹೊರಟು, ಸುಮಾರು 10,000 ಹೆಸರುಗಳ 43 ಸಂಪುಟಗಳನ್ನು 2021ರಲ್ಲಿ ಪ್ರಕಟಿಸಿದರು. ನಮ್ಮ ಎಷ್ಟು ಮದ್ರಸಗಳ ಪಾಠಪಟ್ಟಿಯಲ್ಲಿ ಅವರಲ್ಲಿ ಹತ್ತು ಹೆಸರುಗಳಿವೆ?

ಈಗ ನಮ್ಮ ಜಮಾಅತ್ ಕಮಿಟಿಯ ಕೋಣೆಗೆ ಬರೋಣ. ಗಂಡ ಹೆಂಡಿರ ತಕರಾರು ಬಂದಾಗ ಅನೇಕ ಊರುಗಳಲ್ಲಿ ನಡೆಯುವುದೇನು? ಗಂಡ ಬಂದು ಕುರ್ಚಿಯಲ್ಲಿ ಕೂತು ತನ್ನ ಕಡೆಯನ್ನು ತಾನೇ ಹೇಳುತ್ತಾನೆ. ಹೆಣ್ಣಿನ ಪರವಾಗಿ ಅವಳ ತಂದೆಯೋ ಅಣ್ಣನೋ ಹೇಳುತ್ತಾರೆ, ಹೇಳಲಾಗದ್ದನ್ನು ನುಂಗುತ್ತಾರೆ. ಆಕೆ ಮನೆಯಲ್ಲಿದ್ದಾಳೆ, ಇಲ್ಲವೇ ಪರದೆಯಾಚೆ ಇದ್ದಾಳೆ. ತಾನು ತಂದ ಬಂಗಾರ ಎಷ್ಟು ಪವನ್, ಅದು ಯಾವ ವರ್ಷ ಯಾವ ಬ್ಯಾಂಕಿನಲ್ಲಿ ಅಡವಿಗೆ ಹೋಯಿತು, ಮಗುವಿನ ಜ್ವರದ ರಾತ್ರಿ ಗಂಡ ಎಲ್ಲಿದ್ದ ಎಂಬುದನ್ನು ಬಲ್ಲವಳು ಅವಳೊಬ್ಬಳೇ. ಕಮಿಟಿ ಅವಳಿಗೆ ಸಬ್ರ್‌ನ ಮಹತ್ವ ವಿವರಿಸಿ ಕಳುಹಿಸುತ್ತದೆ. ಗಂಡನ ಕಡೆಯಿಂದ ಒಬ್ಬ, ಹೆಂಡತಿಯ ಕಡೆಯಿಂದ ಒಬ್ಬ ಪಂಚರಿರಬೇಕೆಂಬ ಕುರ್‌ಆನಿನ ಆದೇಶವನ್ನು ನಾವು ಪಾಲಿಸುತ್ತಿದ್ದೇವೆ ಎಂದು ಕಮಿಟಿಯವರು ಹೇಳಬಹುದು. ಆದರೆ ಪಂಚನಾದವನು ಕಕ್ಷಿದಾರಳ ಮಾತನ್ನೇ ಕೇಳದೆ ಪಂಚಾಯತಿ ನಡೆಸಬಹುದೆಂದು ಯಾವ ಫಿಕ್ಹ್ ಗ್ರಂಥ ಹೇಳಿದೆ? ಆಸ್ಪೆನ್‌ನಲ್ಲಿ ಪಕ್ಕದಲ್ಲೊಬ್ಬ ಗೆಳತಿಯಾದರೂ ಇದ್ದರು, ಮೂರು ನಾಲ್ಕು ಬಾರಿ ಹೇಳುವಷ್ಟು ತಾಳ್ಮೆಯೂ ಅವರಿಗಿತ್ತು. ನಮ್ಮ ಕಮಿಟಿ ಕೋಣೆಯಲ್ಲಿ ಅಂಥ ಒಬ್ಬರಿಗೂ ಕುರ್ಚಿಯಿಲ್ಲ.

ಕಮಿಟಿಯಲ್ಲಿರುವ ಹಿರಿಯರು ಕೆಟ್ಟವರಲ್ಲ. ತಮ್ಮ ಅಂಗಡಿ ಮುಚ್ಚಿ, ನಿದ್ದೆಗೆಟ್ಟು ಊರಿನ ಜಗಳ ಬಿಡಿಸುವವರು ಅವರೇ. ಆದ್ದರಿಂದಲೇ ಅವರ ಮುಂದೆ ನಾವು ಒಂದು ಸಣ್ಣ ಬೇಡಿಕೆ ಇಡುತ್ತಿದ್ದೇವೆ. ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯ ಸೇರಿಸಿರಿ: ತಲಾಕ್, ಖುಲಾ, ಜೀವನಾಂಶದ ಯಾವುದೇ ಪ್ರಕರಣದಲ್ಲಿ ಹೆಣ್ಣಿನ ಹೇಳಿಕೆಯನ್ನು ಅವಳ ಬಾಯಿಯಿಂದಲೇ ಕೇಳದೆ ತೀರ್ಮಾನ ಬರೆಯಬಾರದು, ಆ ಬೈಠಕ್‌ನಲ್ಲಿ ಊರಿನ ವಿದ್ಯಾವಂತ ಮಹಿಳೆಯರಿಬ್ಬರು ಜೊತೆಗಿರಬೇಕು. ಶಿಕ್ಷಕಿಯರು, ವಕೀಲೆಯರು, ಆಲಿಮಾಗಳು ಈಗ ಸಣ್ಣ ಪಟ್ಟಣಗಳಲ್ಲೂ ಇದ್ದಾರೆ. ಹುಡುಕಲು ದೂರ ಹೋಗಬೇಕಾಗಿಲ್ಲ. ಆಕೆ ತನ್ನ ಮಾತನ್ನು ಕಾಗದದಲ್ಲಿ ಬರೆದು ತಂದಿದ್ದರೆ ಅದನ್ನು ಕಾರ್ಯದರ್ಶಿಗಳು ಇಸಿದುಕೊಂಡು ಓದುವುದು ಬೇಡ. ಅವಳೇ ಓದಲಿ.